ಹೊಲಗಾಲುವೆಯ ಒರಟುತನ ಮತ್ತು ಕೊನೆಯ ಹೊಲದ ನೀರು

ಕರ್ನಾಟಕದ ನೀರಾವರಿ ಯೋಜನೆಗಳ ಅಚ್ಚುಕಟ್ಟು ಪ್ರದೇಶಗಳಲ್ಲಿ ಹಂಗಾಮಿನಿಂದ ಹಂಗಾಮಿಗೆ ಕೇಳಿಬರುವ ದೂರೆಂದರೆ, ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ ಎಂಬುದು. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಬಹುದು. 227 ಕಿಲೋಮೀಟರ್ ಉದ್ದದ ಈ ಕಾಲುವೆಯ ಮೇಲ್ಭಾಗದ ಗಂಗಾವತಿಯ ಕಡೆ ಗದ್ದೆಗಳಲ್ಲಿ ನೀರು ತುಂಬಿ ನಿಂತಿರುವಾಗ, ಕೆಳಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ಸರದಿಗಾಗಿ ಕಾಯುತ್ತ ಕುಳಿತ ಹಂಗಾಮುಗಳು ಹಲವು. ಮೇಲ್ಭಾಗದಲ್ಲಿ ಬೆಳೆ ಪದ್ಧತಿಯನ್ನು ಮೀರಿ ಭತ್ತ ಹಾಕುವುದು, ಕಾಲುವೆಗೆ ಪಂಪು ಇಟ್ಟು ನೀರೆತ್ತುವುದು, ಜಲಾಶಯದಲ್ಲಿಯೇ ನೀರು ಕಡಿಮೆಯಾಗುವುದು ಇವೆಲ್ಲ ಇದಕ್ಕೆ ಕಾರಣಗಳೆಂಬುದು ಎಲ್ಲರಿಗೂ ತಿಳಿದ ವಿಷಯ.

ಆದರೆ ಇವುಗಳ ಜೊತೆಗೆ ಇನ್ನೊಂದು ಕಾರಣವಿದೆ. ಅದು ಕಣ್ಣೆದುರಿಗೇ ಇರುವುದರಿಂದಲೋ ಏನೋ, ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಕಾಲುವೆಯ ತಳದಲ್ಲಿಯೂ ಪಕ್ಕಗಳಲ್ಲಿಯೂ ಬೆಳೆದ ಹುಲ್ಲು, ಆಪು, ಜೇಕು ಮತ್ತು ತುಂಬಿದ ಹೂಳೇ ಆ ಕಾರಣ. ಇವು ನೀರು ಹರಿಯುವ ಜಾಗವನ್ನು ಕಡಿಮೆ ಮಾಡುತ್ತವೆ ಎಂದಷ್ಟೇ ಸಾಮಾನ್ಯವಾಗಿ ತಿಳಿಯಲಾಗಿದೆ. ನಿಜವಾದ ನಷ್ಟ ಅದಕ್ಕಿಂತ ದೊಡ್ಡದು. ಇವು ಕಾಲುವೆಯ ಮೈಯನ್ನು ಒರಟು ಮಾಡುತ್ತವೆ. ಒರಟಾದ ಕಾಲುವೆಯಲ್ಲಿ ನೀರಿನ ವೇಗವೇ ಕುಗ್ಗುತ್ತದೆ. ತೂಬಿನ ಕೆಳಗಿನ ಹೊಲಗಾಲುವೆಗಳಲ್ಲಿ ಈ ಪರಿಣಾಮ ಅತಿ ಹೆಚ್ಚು. ಹೊಲಗಾಲುವೆಯ ಉಸ್ತುವಾರಿ ರೈತರ ಕೈಯಲ್ಲಿಯೇ ಇರುವುದರಿಂದ ಇದರ ಪರಿಹಾರವೂ ಅವರ ಕೈಯಲ್ಲಿಯೇ ಇದೆ.

ಒರಟುತನವು ನೀರನ್ನು ಹೇಗೆ ತಡೆಯುತ್ತದೆ

ಕಾಲುವೆಯಲ್ಲಿ ಹರಿಯುವ ನೀರೆಲ್ಲವೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಒಂದು ಒಣ ಎಲೆಯನ್ನು ಕಾಲುವೆಯ ನಡುವೆಯೂ ಇನ್ನೊಂದನ್ನು ದಂಡೆಯ ಪಕ್ಕದಲ್ಲಿಯೂ ಒಮ್ಮೆಗೇ ಬಿಟ್ಟರೆ ನಡುವಿನ ಎಲೆ ಮುಂದೆ ಓಡುವುದನ್ನೂ, ಪಕ್ಕದ ಎಲೆ ತಡೆದು ತಡೆದು ಸಾಗುವುದನ್ನೂ ಕಾಣಬಹುದು. ತಳಕ್ಕೆ ಮತ್ತು ಪಕ್ಕಗಳಿಗೆ ತಾಗಿಕೊಂಡಿರುವ ನೀರಿನ ತೆಳುವಾದ ಪದರವು ಬಹುಮಟ್ಟಿಗೆ ನಿಂತೇ ಇರುತ್ತದೆ. ಅದು ತನ್ನ ಮೇಲಿನ ಪದರವನ್ನು ಹಿಂದಕ್ಕೆ ಎಳೆಯುತ್ತದೆ, ಆ ಪದರ ಅದರ ಮೇಲಿನದನ್ನು ಎಳೆಯುತ್ತದೆ. ಹೀಗೆ ಕಾಲುವೆಯ ಮೈಯ ಹಿಡಿತ ಒಳಗಿನ ನೀರಿನವರೆಗೂ ಮುಟ್ಟುತ್ತದೆ.

ಮೈ ನಯವಾಗಿದ್ದರೆ ಈ ಹಿಡಿತ ಕಡಿಮೆ. ಹೆಂಟೆ, ಕಲ್ಲು, ಬೇರು, ಹುಲ್ಲು ಇದ್ದಾಗ ನೀರು ಪ್ರತಿಯೊಂದಕ್ಕೂ ಬಡಿದು, ಸುಳಿ ತಿರುಗಿ ಮುಂದೆ ಹೋಗಬೇಕಾಗುತ್ತದೆ. ಇಳಿಜಾರಿನಿಂದ ನೀರಿಗೆ ಬಂದ ಶಕ್ತಿಯ ಹೆಚ್ಚು ಪಾಲು ಈ ಸುಳಿಗಳಲ್ಲಿಯೇ ಮುಗಿದುಹೋಗುತ್ತದೆ. ನೀರಿನ ಮಟ್ಟದವರೆಗೂ ಎದ್ದುನಿಂತ ಆಪು, ಜೇಕುಗಳಿದ್ದರೆ ತಳ ಮತ್ತು ಪಕ್ಕಗಳಷ್ಟೇ ಅಲ್ಲ, ಕಾಲುವೆಯ ನಡುಭಾಗವೂ ತಡೆಯಾಗುತ್ತದೆ.

ಹೊಲಗಾಲುವೆಗೆ ಇದರಿಂದ ಹೆಚ್ಚು ತೊಂದರೆ ಏಕೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಮುಖ್ಯ ಕಾಲುವೆಯಲ್ಲಿ ನೀರಿನ ರಾಶಿ ದೊಡ್ಡದು. ಆ ರಾಶಿಗೆ ಹೋಲಿಸಿದರೆ ಮೈಗೆ ತಾಗುವ ನೀರು ಸ್ವಲ್ಪ. ಒಂದು ಅಡಿ ಆಳದ ಹೊಲಗಾಲುವೆಯಲ್ಲಿಯಾದರೋ ಬಹುಪಾಲು ನೀರು ತಳಕ್ಕೋ ಪಕ್ಕಕ್ಕೋ ಹತ್ತಿರವೇ ಇರುತ್ತದೆ. ಮುಖ್ಯ ಕಾಲುವೆಯಲ್ಲಿ ಒಂದು ಗೇಣು ಹುಲ್ಲು ಅಂಚಿನ ವಿಷಯ. ಹೊಲಗಾಲುವೆಯಲ್ಲಿ ಅದೇ ಒಂದು ಗೇಣು ಹುಲ್ಲು ಕಾಲುವೆಯ ಅರ್ಧಕ್ಕಿಂತ ಹೆಚ್ಚು.

ಒರಟುತನಕ್ಕೊಂದು ಅಳತೆ

ಪ್ಯಾರಿಸ್ ನಗರಕ್ಕೆ ನೀರು ತರುವ ಕಾಲುವೆಯ ಲೆಕ್ಕ ಮಾಡುವ ಕೆಲಸದಲ್ಲಿ ತೊಡಗಿದ್ದ ಫ್ರೆಂಚ್ ಇಂಜಿನಿಯರ್ ಆಂಟ್ವಾನ್ ಶೆಜಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಲುವೆಯ ಇಳಿಜಾರಿಗೂ ನೀರಿನ ವೇಗಕ್ಕೂ ಇರುವ ಸಂಬಂಧವನ್ನು ಸೂತ್ರರೂಪದಲ್ಲಿ ಹೇಳಿದನು. ಆ ನಂತರ 1889ರಲ್ಲಿ ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ಸೂತ್ರವು ಇಂದಿಗೂ ಪ್ರಪಂಚದ ಬಹುತೇಕ ಕಾಲುವೆಗಳ ವಿನ್ಯಾಸಕ್ಕೆ ಬಳಕೆಯಲ್ಲಿದೆ.

ಈ ಸೂತ್ರದ ಪ್ರಕಾರ ನೀರಿನ ವೇಗವನ್ನು ನಿರ್ಧರಿಸುವ ಅಂಶಗಳು ಮೂರು: ಮೊದಲನೆಯದು ಕಾಲುವೆಯ ಇಳಿಜಾರು, ಎರಡನೆಯದು ನೀರಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಅದು ಕಾಲುವೆಯ ಮೈಗೆ ತಾಗುವ ಸುತ್ತಳತೆಗೂ ಇರುವ ಪ್ರಮಾಣ, ಮೂರನೆಯದು ಒರಟುತನದ ಗುಣಾಂಕ. ಗುಣಾಂಕ ಹೆಚ್ಚಿದಷ್ಟೂ ಕಾಲುವೆ ಒರಟು ಎಂದು ಅರ್ಥ.

ಇದರಲ್ಲಿ ರೈತರು ನೆನಪಿಡಬೇಕಾದ ಮಾತು ಒಂದೇ. ನೀರಿನ ಆಳ ಮತ್ತು ಇಳಿಜಾರು ಬದಲಾಗದಿರುವಾಗ ಒರಟುತನ ಎರಡು ಪಟ್ಟಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಕಳೆದುಕೊಂಡ ವೇಗವನ್ನು ಇಳಿಜಾರು ಹೆಚ್ಚಿಸಿ ಮರಳಿ ಪಡೆಯಬೇಕೆಂದರೆ ಇಳಿಜಾರನ್ನು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಮಾಡಬೇಕು. ತೂಬಿನ ಮಟ್ಟ ಮತ್ತು ಹೊಲದ ಮಟ್ಟ ಎರಡೂ ಮೊದಲೇ ಗೊತ್ತಾಗಿರುವ ಅಚ್ಚುಕಟ್ಟಿನಲ್ಲಿ ಇದು ಸಾಧ್ಯವಿಲ್ಲದ ಕೆಲಸ. ಆದ್ದರಿಂದ ಉಳಿದ ದಾರಿ ಕಾಲುವೆಯ ಮೈಯನ್ನು ಚೊಕ್ಕಟವಾಗಿ ಇಡುವುದು ಮಾತ್ರ.

ಒಂದು ಕಾಲುವೆ, ಆರು ಸ್ಥಿತಿ

ತಳದ ಅಗಲ 30 ಸೆಂ.ಮೀ., ಪಕ್ಕಗಳ ಓರೆ ಒಂದಕ್ಕೆ ಒಂದು, ದಂಡೆಯ ಎತ್ತರ 40 ಸೆಂ.ಮೀ., ಇಳಿಜಾರು ಸಾವಿರ ಮೀಟರಿಗೆ ಒಂದು ಮೀಟರ್ ಇರುವ ಒಂದು ಹೊಲಗಾಲುವೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದೇ ಕಾಲುವೆ ಆರು ಬೇರೆ ಬೇರೆ ಸ್ಥಿತಿಗಳಲ್ಲಿದ್ದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬ ಲೆಕ್ಕವನ್ನು ಕೆಳಗೆ ಕೊಡಲಾಗಿದೆ. ಗುಣಾಂಕಗಳು ವಿನ್ಯಾಸದಲ್ಲಿ ಸಾಮಾನ್ಯವಾಗಿ ಬಳಸುವ ಬೆಲೆಗಳು.

1. ಕಾಂಕ್ರೀಟ್ ಅಥವಾ ಸಿಮೆಂಟ್ ಗಾರೆಯಿಂದ ನಯಗೊಳಿಸಿದ ಕಾಲುವೆ: ಗುಣಾಂಕ 0.015. ನೀರಿನ ಆಳ 30 ಸೆಂ.ಮೀ. ಇದ್ದಾಗ ಸೆಕೆಂಡಿಗೆ 110 ಲೀಟರ್ ಹರಿಯುತ್ತದೆ. ಒಂದು ಕ್ಯುಸೆಕ್ ಹರಿಯಲು ಬೇಕಾದ ಆಳ 15 ಸೆಂ.ಮೀ.

2. ಚೊಕ್ಕಟವಾದ ನೇರ ಮಣ್ಣಿನ ಕಾಲುವೆ: ಗುಣಾಂಕ 0.022. ಹರಿವು 75 ಲೀಟರ್. ಒಂದು ಕ್ಯುಸೆಕ್‌ಗೆ ಆಳ 18 ಸೆಂ.ಮೀ.

3. ಗಿಡ್ಡ ಹುಲ್ಲು, ಅಲ್ಲಲ್ಲಿ ಕಳೆ ಇರುವ ಮಣ್ಣಿನ ಕಾಲುವೆ: ಗುಣಾಂಕ 0.027. ಹರಿವು 61 ಲೀಟರ್. ಆಳ 20 ಸೆಂ.ಮೀ.

4. ಕಳೆ ಒತ್ತಾಗಿ ಹಬ್ಬಿದ ಕಾಲುವೆ: ಗುಣಾಂಕ 0.035. ಹರಿವು 47 ಲೀಟರ್. ಆಳ 23 ಸೆಂ.ಮೀ.

5. ತಳ ಚೊಕ್ಕಟವಾಗಿದ್ದು ಪಕ್ಕಗಳಲ್ಲಿ ಪೊದೆ ಬೆಳೆದ ಕಾಲುವೆ: ಗುಣಾಂಕ 0.050. ಹರಿವು 33 ಲೀಟರ್. ಆಳ 28 ಸೆಂ.ಮೀ.

6. ನೀರಿನ ಮಟ್ಟದವರೆಗೂ ಕಳೆ ಎದ್ದುನಿಂತ, ನೋಡುವವರಿಲ್ಲದ ಕಾಲುವೆ: ಗುಣಾಂಕ 0.080. ಹರಿವು 21 ಲೀಟರ್. ಆಳ 35 ಸೆಂ.ಮೀ.

ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಚೊಕ್ಕಟವಾದ ಮಣ್ಣಿನ ಕಾಲುವೆಯನ್ನು ಕಳೆ ತುಂಬಿದ ಕಾಲುವೆಯೊಂದಿಗೆ ಹೋಲಿಸಿದರೆ, ಒಂದೇ ಆಳದಲ್ಲಿ ಹರಿಯುವ ನೀರು 75 ಲೀಟರಿನಿಂದ 21 ಲೀಟರಿಗೆ, ಅಂದರೆ ಮೂರನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. ಮೊದಲನೆಯದರಲ್ಲಿ 18 ಸೆಂ.ಮೀ. ಆಳದಲ್ಲಿ ಹರಿದುಹೋಗುವ ಒಂದು ಕ್ಯುಸೆಕ್ ನೀರು ಎರಡನೆಯದರಲ್ಲಿ 35 ಸೆಂ.ಮೀ.ವರೆಗೆ ಏರುತ್ತದೆ. ದಂಡೆಯ ಎತ್ತರ 40 ಸೆಂ.ಮೀ. ಮಾತ್ರ. ದನ ತುಳಿದು ತಗ್ಗಾದ ಕಡೆ, ಇಲಿ ಅಥವಾ ಏಡಿ ಬಿಲ ತೋಡಿದ ಕಡೆ ನೀರು ಹೊರಗೆ ಹಾರಲು ಇಷ್ಟು ಸಾಕು.

ಕೊನೆಯ ಹೊಲದ ಲೆಕ್ಕ

ಈ ಅಂಕಿಗಳನ್ನು ರೈತನ ಸರದಿಯ ಲೆಕ್ಕಕ್ಕೆ ಇಳಿಸಿ ನೋಡಬೇಕು. ಒಂದು ಕ್ಯುಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಸುಮಾರು ಒಂದು ಅಂಗುಲ ನೀರು ಆಗುತ್ತದೆ. ಮೂರು ಅಂಗುಲ ನೀರು ಕೊಡಬೇಕಾದರೆ ಎಕರೆಗೆ ಮೂರು ಗಂಟೆ ಬೇಕು.

ಮೇಲೆ ಹೇಳಿದ ಹೊಲಗಾಲುವೆ ಒಂದು ಕಿಲೋಮೀಟರ್ ಉದ್ದವಿದ್ದು, ತೂಬು ತೆರೆದ ಗಳಿಗೆಯಿಂದಲೇ ಕೊನೆಯ ರೈತನ ಮೂರು ಗಂಟೆಯ ಸರದಿಯನ್ನು ಎಣಿಸುತ್ತಾರೆ ಎಂದು ಇಟ್ಟುಕೊಳ್ಳಬಹುದು. ಕಾಲುವೆ ಚೊಕ್ಕಟವಾಗಿದ್ದರೆ ಒಂದು ಕ್ಯುಸೆಕ್ ನೀರಿನ ಸರಾಸರಿ ವೇಗ ಸೆಕೆಂಡಿಗೆ 32 ಸೆಂ.ಮೀ.ನಷ್ಟಿದ್ದು, ಒಂದು ಕಿಲೋಮೀಟರ್ ದಾಟಲು ಅದಕ್ಕೆ ಸುಮಾರು 51 ನಿಮಿಷ ಬೇಕಾಗುತ್ತದೆ. ಕಳೆ ತುಂಬಿದ ಕಾಲುವೆಯಲ್ಲಿ ವೇಗ ಸೆಕೆಂಡಿಗೆ 12 ಸೆಂ.ಮೀ.ಗೆ ಇಳಿದು, ಅದೇ ದೂರಕ್ಕೆ 2 ಗಂಟೆ 14 ನಿಮಿಷ ಹಿಡಿಯುತ್ತದೆ. ಒಣಗಿದ ಕಾಲುವೆಗೆ ಮೊದಲ ನೀರು ಬಿಟ್ಟಾಗ ಮಣ್ಣು ಕುಡಿಯುವ ನೀರೂ ಸೇರಿ ಎರಡು ಕಡೆಯೂ ಇನ್ನಷ್ಟು ತಡವಾಗುತ್ತದೆ. ಆ ತಡವನ್ನು ಇಲ್ಲಿ ಬಿಡಲಾಗಿದೆ.

ಹೀಗಾಗಿ ಚೊಕ್ಕಟವಾದ ಕಾಲುವೆಯ ಕೊನೆಯ ರೈತನಿಗೆ ಹೊಲದ ಮೇಲೆ 2 ಗಂಟೆ 9 ನಿಮಿಷ ನೀರು ಸಿಗುತ್ತದೆ. ಮೂರು ಅಂಗುಲದ ಲೆಕ್ಕದಲ್ಲಿ ಸುಮಾರು 28 ಗುಂಟೆ ನೆನೆಯುತ್ತದೆ. ಕಳೆ ತುಂಬಿದ ಕಾಲುವೆಯ ಕೊನೆಯ ರೈತನಿಗೆ ಸಿಗುವುದು 46 ನಿಮಿಷ. ನೆನೆಯುವುದು 10 ಗುಂಟೆ. ತೂಬಿನಿಂದ ಹೊರಟ ನೀರು ಎರಡು ಕಡೆಯೂ ಒಂದೇ. ತೆರಬೇಕಾದ ನೀರಿನ ಕರವೂ ಒಂದೇ.

ಉಳಿದ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುವುದು ಸಹಜ. ಅದು ಕಾಲುವೆಯಲ್ಲಿಯೇ ನಿಂತಿರುತ್ತದೆ. ಒಂದು ಕಿಲೋಮೀಟರ್ ಚೊಕ್ಕಟವಾದ ಕಾಲುವೆ ತುಂಬಲು ಸುಮಾರು 87 ಘನಮೀಟರ್ ನೀರು ಸಾಕು. ಕಳೆ ತುಂಬಿದ ಕಾಲುವೆಗೆ 227 ಘನಮೀಟರ್ ಬೇಕು. ತೂಬು ಮುಚ್ಚಿದ ಮೇಲೆ ಇದರಲ್ಲಿ ಒಂದಷ್ಟು ನಿಧಾನವಾಗಿ ಇಳಿದು ಕೊನೆಯ ಹೊಲಕ್ಕೆ ಬರುವುದು ನಿಜ. ಆದರೆ ಹೂಳಿನ ಗುಂಡಿಗಳಲ್ಲಿಯೂ ಕಳೆಯ ಬುಡದಲ್ಲಿಯೂ ಬಹಳಷ್ಟು ನಿಂತುಬಿಡುತ್ತದೆ. ಬಂದ ನೀರೂ ಸಣ್ಣ ಧಾರೆಯಾಗಿ ಬರುವುದರಿಂದ ಮಡಿಯ ತುದಿಯನ್ನು ಮುಟ್ಟದೆ ಬಾಯಿಯಲ್ಲಿಯೇ ಇಂಗಿಹೋಗುತ್ತದೆ.

ಇಂಗುವಿಕೆಯ ಲೆಕ್ಕ ಬೇರೆಯೇ ಇದೆ. ನೀರು 18 ಸೆಂ.ಮೀ. ಆಳವಿದ್ದಾಗ ಕಾಲುವೆಯ ಮೈಗೆ ತಾಗುವ ಸುತ್ತಳತೆ 81 ಸೆಂ.ಮೀ.; 35 ಸೆಂ.ಮೀ. ಆಳವಾದಾಗ 129 ಸೆಂ.ಮೀ. ಅಂದರೆ ನೀರು ಇಂಗುವ ಮೈ ಶೇಕಡ 60ರಷ್ಟು ಹಿಗ್ಗುತ್ತದೆ. ಎರೆ ಭೂಮಿ ಒಮ್ಮೆ ನೆನೆದು ಬಿರುಕು ಮುಚ್ಚಿಕೊಂಡ ಮೇಲೆ ಇಂಗುವುದು ಕಡಿಮೆಯಾದರೂ, ಕೆಂಪು ಮರಳು ಮಿಶ್ರಿತ ಭೂಮಿಯಲ್ಲಿ ಈ ನಷ್ಟ ಗಣನೀಯ.

ಮೇಲಿನ ರೈತನಿಗೂ ಲಾಭವಿಲ್ಲ

ಕಾಲುವೆ ಕಟ್ಟಿಕೊಂಡರೆ ನಷ್ಟ ಕೊನೆಯವನಿಗೆ ಮಾತ್ರ, ಮೇಲಿನವನಿಗೆ ಅನುಕೂಲವೇ ಆಗುತ್ತದೆ ಎಂಬ ಭಾವನೆ ಹಳ್ಳಿಗಳಲ್ಲಿ ಇದೆ. ವಿತರಣಾ ಕಾಲುವೆಯ ಮಟ್ಟಿಗೆ ಇದರಲ್ಲಿ ಸ್ವಲ್ಪ ಸತ್ಯವಿದೆ. ಕಳೆಯಿಂದ ಮಟ್ಟ ಏರಿದಾಗ ಮೇಲಿನ ತೂಬುಗಳ ಮೇಲೆ ನೀರಿನ ಒತ್ತಡ ಹೆಚ್ಚುತ್ತದೆ. ತೂಬಿನ ಕೊಳವೆಯ ಮೇಲಿನ ನೀರು 20 ಸೆಂ.ಮೀ.ನಿಂದ 30 ಸೆಂ.ಮೀ.ಗೆ ಏರಿದರೆ ತೂಬು ಶೇಕಡ 22ರಷ್ಟು ಹೆಚ್ಚು ನೀರು ಎಳೆಯುತ್ತದೆ. ಯಾರೂ ತೂಬನ್ನು ಮುಟ್ಟದಿದ್ದರೂ ಕೆಳಗಿನವರ ಪಾಲು ಹೀಗೆ ಮೇಲೆಯೇ ಖರ್ಚಾಗುತ್ತದೆ. ಮೇಲಿನವರು ನೀರು ಕದ್ದರೆಂದು ಕೆಳಗಿನವರೂ, ತಾವು ತೂಬು ಮುಟ್ಟಿಯೇ ಇಲ್ಲವೆಂದು ಮೇಲಿನವರೂ ವಾದಿಸುವ ಎಷ್ಟೋ ಜಗಳಗಳಲ್ಲಿ ಇಬ್ಬರ ಮಾತೂ ನಿಜವಾಗಿರುವುದು ಹೀಗೆ.

ಆದರೆ ಹೊಲಗಾಲುವೆಯಲ್ಲಿ ಲೆಕ್ಕ ತಿರುಗುತ್ತದೆ. ಹೊಲಗಾಲುವೆಯ ನೀರು ಏರಿ ತೂಬಿನ ಹೊರಬಾಯಿಯನ್ನು ಮುಳುಗಿಸಿದರೆ, ಎರಡು ಕಡೆಯ ಮಟ್ಟಗಳ ವ್ಯತ್ಯಾಸ ಕಡಿಮೆಯಾಗಿ ತೂಬಿನಿಂದ ಬರುವ ನೀರೇ ಕುಗ್ಗುತ್ತದೆ. ಆಗ ಒಂದು ಕ್ಯುಸೆಕ್ ಬರಬೇಕಾದ ಕಡೆ ಅಷ್ಟು ಬರುವುದಿಲ್ಲ. ನಷ್ಟ ಮೊದಲ ಹೊಲದಿಂದಲೇ ಪ್ರಾರಂಭವಾಗುತ್ತದೆ. ಸದಾ ತುಂಬಿ ನಿಂತ ಕಾಲುವೆಯ ಪಕ್ಕದ ಹೊಲಕ್ಕೆ ನೀರು ಜಿನುಗಿ ಜವಳು ಹಿಡಿಯುವುದೂ ಮೇಲಿನವನಿಗೇ.

ಹೂಳು ಮತ್ತು ಕಳೆಯ ವಿಷಚಕ್ರ

ಪಂಜಾಬಿನ ಬಾರಿ ದೋಆಬ್ ಕಾಲುವೆಯ ಇಂಜಿನಿಯರ್ ಕೆನಡಿ 1895ರಲ್ಲಿ ಒಂದು ಮುಖ್ಯ ವಿಷಯವನ್ನು ತೋರಿಸಿಕೊಟ್ಟನು. ಮಣ್ಣಿನ ಕಾಲುವೆಯಲ್ಲಿ ಪ್ರತಿಯೊಂದು ಆಳಕ್ಕೂ ಒಂದು ತಕ್ಕ ವೇಗವಿದೆ. ಅದಕ್ಕಿಂತ ವೇಗ ಕಡಿಮೆಯಾದರೆ ಹೂಳು ಕೂರುತ್ತದೆ, ಹೆಚ್ಚಾದರೆ ತಳ ಕೊರೆಯುತ್ತದೆ. ಕಳೆ ಬೆಳೆದಾಗ ವೇಗ ಕುಗ್ಗುತ್ತದೆ. ವೇಗ ಕುಗ್ಗಿದಾಗ ಹೂಳು ಕೂರುತ್ತದೆ. ಫಲವತ್ತಾದ ಆ ಹೂಳಿನಲ್ಲಿ ಕಳೆ ಇನ್ನೂ ಸೊಕ್ಕಿ ಬೆಳೆಯುತ್ತದೆ. ಮೊದಲನೆಯ ವರ್ಷ ಅರ್ಧ ದಿನದ ಕೆಲಸವಾಗಿದ್ದುದು ಮೂರನೆಯ ವರ್ಷಕ್ಕೆ ವಾರದ ಕೆಲಸವಾಗುವುದು ಇದೇ ಕಾರಣದಿಂದ.

ರೈತರೇ ಮಾಡಬಹುದಾದ ಪರೀಕ್ಷೆ

ಹೊಲಗಾಲುವೆಯ ಸ್ಥಿತಿಯನ್ನು ತಿಳಿಯಲು ಉಪಕರಣ ಬೇಕಿಲ್ಲ. ಕಾಲುವೆ ನೇರವಾಗಿರುವ ಕಡೆ 10 ಮೀಟರ್ ಅಳೆದು ಎರಡು ಗೂಟ ನೆಡಬೇಕು. ಮೇಲಿನ ಗೂಟಕ್ಕಿಂತ ಸ್ವಲ್ಪ ಮೊದಲೇ, ಕಾಲುವೆಯ ನಡುವೆ ಒಂದು ಬೆಂಡಿನ ತುಂಡು ಅಥವಾ ಒಣ ಕಡ್ಡಿ ಬಿಟ್ಟು, ಒಂದು ಗೂಟದಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು. ಹೀಗೆ ಮೂರು ಬಾರಿ ಮಾಡಿ ಸರಾಸರಿ ತೆಗೆಯಬೇಕು. ಮೇಲ್ಮೈಯ ನೀರು ಒಳಗಿನ ನೀರಿಗಿಂತ ವೇಗವಾಗಿ ಹೋಗುವುದರಿಂದ ಬಂದ ವೇಗವನ್ನು 0.8ರಿಂದ ಗುಣಿಸಬೇಕು. ಇದನ್ನು ನೀರಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿಯುವ ನೀರಿನ ಪ್ರಮಾಣ ಸುಮಾರಾಗಿ ತಿಳಿಯುತ್ತದೆ.

ಮೇಲಿನ ಉದಾಹರಣೆಯ ಕಾಲುವೆ ಚೊಕ್ಕಟವಾಗಿದ್ದು ಒಂದು ಕ್ಯುಸೆಕ್ ಹರಿಯುತ್ತಿದ್ದರೆ ಕಡ್ಡಿ 10 ಮೀಟರನ್ನು ಸುಮಾರು 25 ಸೆಕೆಂಡಿನಲ್ಲಿ ದಾಟುತ್ತದೆ. ಕಳೆ ತುಂಬಿದ್ದರೆ 65 ಸೆಕೆಂಡಿನ ಹತ್ತಿರ ಹೋಗುತ್ತದೆ. ಎಷ್ಟೋ ವೇಳೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಕಾಲುವೆ ಚೊಕ್ಕಟ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಈ ಪರೀಕ್ಷೆಯನ್ನು ತೂಬಿನ ರೈತರೆಲ್ಲರ ಎದುರಿಗೆ ನಡೆಸಿದರೆ ಬೇರೆ ವಿವರಣೆಯ ಅಗತ್ಯ ಬೀಳುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಇದನ್ನು ಪ್ರಾತ್ಯಕ್ಷಿಕೆಯಾಗಿ ಏರ್ಪಡಿಸಬಹುದು.

ಚೊಕ್ಕಟ ಮಾಡುವ ಸರಿಯಾದ ಕ್ರಮ

1. ಕಾಲುವೆಗೆ ನೀರು ಬಿಡುವ ಎರಡು ಮೂರು ವಾರ ಮೊದಲೇ ಕೆಲಸ ಮುಗಿಯಬೇಕು. ಕಳೆ ಹೂ ಬಿಟ್ಟು ಬೀಜ ಉದುರಿಸುವ ಮೊದಲು ಕಿತ್ತರೆ ಮುಂದಿನ ಹಂಗಾಮಿನ ಅರ್ಧ ಕೆಲಸ ಉಳಿಯುತ್ತದೆ.

2. ಹಸಿ ಇರುವ ಕಾಲುವೆಯಾದರೆ ಕೊನೆಯಿಂದ ಪ್ರಾರಂಭಿಸಿ ತೂಬಿನ ಕಡೆಗೆ ಬರಬೇಕು. ಆಗ ನಿಂತ ನೀರು ಕೆಳಕ್ಕೆ ಹರಿದುಹೋಗಿ ಕೆಲಸ ಹಗುರವಾಗುತ್ತದೆ.

3. ಅಂದಾಜಿನ ಮೇಲೆ ಅಗೆಯಬಾರದು. ಪ್ರತಿ 10 ಮೀಟರಿಗೆ ಒಂದು ಗೂಟ ನೆಟ್ಟು, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದು, ಗೂಟದಿಂದ ಗೂಟಕ್ಕೆ ಒಂದು ಸೆಂ.ಮೀ. ಇಳಿಯುವಂತೆ ಗುರುತು ಹಾಕಿದರೆ ಸಾವಿರಕ್ಕೆ ಒಂದರ ಇಳಿಜಾರು ಬರುತ್ತದೆ. ಅಗೆದಷ್ಟೂ ನೀರು ಹೆಚ್ಚು ಬರುತ್ತದೆಂದು ತಿಳಿದು ತಳವನ್ನು ತೋಡುವುದು ತಪ್ಪು. ಅಲ್ಲಿ ಗುಂಡಿಯಾಗಿ ನೀರು ನಿಂತು ಆಪು ಬೆಳೆಯಲು ಜಾಗವಾಗುತ್ತದೆ.

4. ಕಾಲುವೆಯ ಅಳತೆಗೆ ಸರಿಯಾಗಿ ಮರದ ಚೌಕಟ್ಟೊಂದನ್ನು ಮಾಡಿಸಿಕೊಂಡರೆ ಉದ್ದಕ್ಕೂ ಒಂದೇ ಆಕಾರ ಬರುತ್ತದೆ. ಮೇಲಿನ ಉದಾಹರಣೆಯ ಕಾಲುವೆಗೆ ಚೌಕಟ್ಟಿನ ತಳ 30 ಸೆಂ.ಮೀ., ಎತ್ತರ 40 ಸೆಂ.ಮೀ., ಮೇಲಿನ ಅಗಲ 110 ಸೆಂ.ಮೀ. ಇರಬೇಕು. ಹೆಂಟೆ ಬಿಡದೆ ಪಕ್ಕಗಳನ್ನು ಸಲಿಕೆಯಿಂದ ಬಡಿದು ನಯ ಮಾಡಬೇಕು.

5. ಗರಿಕೆ, ಕೊನ್ನಾರಿ, ಆಪುಗಳನ್ನು ಮೇಲೆ ಕತ್ತರಿಸಿದರೆ ಸಾಲದು. ಗಡ್ಡೆ ಬೇರು ಸಹಿತ ತೆಗೆಯಬೇಕು. ನೀರು ನಿಂತಿರುವ ಕಡೆ ಬೆಳೆದ ಆಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ ಗಡ್ಡೆಗೆ ಗಾಳಿ ಸಿಗದೆ ಕೊಳೆಯುತ್ತದೆ. ಚಿಗುರಿದರೆ ಮತ್ತೊಮ್ಮೆ ಕೊಯ್ಯಬೇಕು.

6. ತೆಗೆದ ಹೂಳನ್ನು ದಂಡೆಯ ಒಳ ಅಂಚಿನಲ್ಲಿ ಗುಡ್ಡೆ ಹಾಕಬಾರದು. ಮೊದಲ ಮಳೆಗೆ ಅದು ಮತ್ತೆ ಕಾಲುವೆಗೇ ಇಳಿಯುತ್ತದೆ. ಹೊರಗೆ ಹರಡಿ, ಕಳೆಯ ಗಡ್ಡೆಗಳು ಬಿಸಿಲಿಗೆ ಒಣಗಿದ ಮೇಲೆ ಹೊಲಕ್ಕೆ ಬಳಸಬಹುದು.

7. ಗಾಡಿ, ಟ್ರ್ಯಾಕ್ಟರ್ ದಾಟುವ ಕಡೆ ಕಾಲುವೆಯ ತಳಮಟ್ಟಕ್ಕೇ ಸಿಮೆಂಟ್ ಕೊಳವೆ ಹಾಕಬೇಕು. ಮಟ್ಟ ಏರಿಸಲು ಇಟ್ಟ ಕಲ್ಲು, ಮಣ್ಣಿನ ಚೀಲಗಳನ್ನು ತನ್ನ ಸರದಿ ಮುಗಿದೊಡನೆ ಪ್ರತಿಯೊಬ್ಬರೂ ತೆಗೆಯಬೇಕು. ಒಂದು ಚೀಲ ಹತ್ತಾರು ಮೀಟರ್ ಕಳೆಗೆ ಸಮ.

8. ಹಂಗಾಮಿನ ನಡುವೆ ತಿಂಗಳಿಗೊಮ್ಮೆಯಾದರೂ ಕಾಲುವೆಯ ಉದ್ದಕ್ಕೂ ಒಬ್ಬರು ಕುಡುಗೋಲು ಹಿಡಿದು ನಡೆದು ಬರಬೇಕು.

9. ಹರಿಯುವ ಕಾಲುವೆಯಲ್ಲಿ ಕಳೆನಾಶಕ ಸಿಂಪಡಿಸಬಾರದು. ಆ ನೀರನ್ನೇ ದನಕರುಗಳು ಕುಡಿಯುತ್ತವೆ, ಬೆಳೆಗೂ ಅದೇ ಹೋಗುತ್ತದೆ.

ಹೊದಿಕೆ ಹಾಕಿದರೆ ಸಾಕೇ?

ಸಿಮೆಂಟ್ ಹೊದಿಕೆಯಿಂದ ಇಂಗುವಿಕೆಯೂ ಒರಟುತನವೂ ಕಡಿಮೆಯಾಗುತ್ತವೆ ಎಂಬುದು ನಿಜ. ಆದರೆ ಗುಣಾಂಕ 0.015 ಎಂಬುದು ನಯವಾಗಿ ಮುಗಿಸಿದ, ಹೂಳಿಲ್ಲದ ಕಾಲುವೆಗೆ ಮಾತ್ರ ಸಲ್ಲುತ್ತದೆ. ತಳದಲ್ಲಿ ಒಂದು ಪದರ ಹೂಳು ಕುಳಿತು ಸಂದುಗಳಲ್ಲಿ ಹುಲ್ಲು ಹುಟ್ಟಿದರೆ ಹೊದಿಕೆಯ ಕಾಲುವೆಯೂ ಮಣ್ಣಿನ ಕಾಲುವೆಯಂತೆಯೇ ನಡೆದುಕೊಳ್ಳುತ್ತದೆ. ಸಂದು ತುಂಬದೆ ಕಾಡುಗಲ್ಲನ್ನು ಜೋಡಿಸಿದ ಕಾಲುವೆಯ ಗುಣಾಂಕ 0.030ರ ಸುತ್ತಮುತ್ತ ಇರುತ್ತದೆ. ಅಂದರೆ ಅದು ಚೊಕ್ಕಟವಾದ ಮಣ್ಣಿನ ಕಾಲುವೆಗಿಂತ ಒರಟು! ಕಲ್ಲು ಜೋಡಿಸುವುದಾದರೆ ಸಂದುಗಳಿಗೆ ಗಾರೆ ತುಂಬಿ ಮಟ್ಟ ಮಾಡುವುದು ಅವಶ್ಯ. ಎರೆ ಭೂಮಿಯಲ್ಲಿ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಹೊದಿಕೆಯನ್ನು ಒಡೆಯುವುದರಿಂದ, ಹೊದಿಕೆಯ ಕೆಳಗೆ ಉಬ್ಬದ ಗರಸು ಮಣ್ಣಿನ ಪದರವನ್ನು ಹಾಕಿ ಗಟ್ಟಿ ಮಾಡಬೇಕು.

ಒರಟುತನ ಬೇಕಾಗುವ ಕಡೆ

ಕಾಲುವೆಯಲ್ಲಿ ಹುಲ್ಲು ಇರಲೇಬಾರದು ಎಂದು ಇದರಿಂದ ತಿಳಿಯಬಾರದು. ನೀರು ತರುವ ಕಾಲುವೆ ಬೇರೆ, ಮಳೆಯ ನೀರನ್ನು ಹೊರಗೆ ಸಾಗಿಸುವ ಕಾಲುವೆ ಬೇರೆ. ಮಳೆಯಾಶ್ರಿತ ಇಳಿಜಾರು ಹೊಲಗಳಲ್ಲಿ ಬದುಗಳ ನೀರನ್ನು ಹಳ್ಳಕ್ಕೆ ಇಳಿಸುವ ದಾರಿಯಲ್ಲಿ ನೀರಿನ ವೇಗವನ್ನು ಕುಗ್ಗಿಸುವುದೇ ಉದ್ದೇಶ. ಬರಿ ಮಣ್ಣಿನಲ್ಲಿ ವೇಗ ಸೆಕೆಂಡಿಗೆ ಸುಮಾರು 0.45 ಮೀಟರ್ ದಾಟಿದರೆ ನುಣುಪು ಮರಳು, 0.75 ಮೀಟರ್ ದಾಟಿದರೆ ಗಟ್ಟಿಯಾದ ಗೋಡುಮಣ್ಣು ಕೊರೆಯಲು ಪ್ರಾರಂಭವಾಗುತ್ತದೆ. ಗರಿಕೆಯಂತಹ ಹುಲ್ಲು ಒತ್ತಾಗಿ ಹಬ್ಬಿದ ದಾರಿ ಸುಮಾರು 1.5 ಮೀಟರ್ ವೇಗವನ್ನೂ ತಡೆದುಕೊಳ್ಳಬಲ್ಲದು. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಅಂಚಿನಲ್ಲಿ ಹಿಂದಿನಿಂದ ಬೆಳೆಸಿಕೊಂಡು ಬಂದ ಲಾವಂಚದ ಸಾಲು ಮಾಡುವ ಕೆಲಸವೂ ಇದೇ: ನೀರನ್ನು ತಡೆದು ನಿಧಾನ ಮಾಡಿ ಮಣ್ಣನ್ನು ಹೊಲದಲ್ಲಿಯೇ ಉಳಿಸುವುದು.

ನೀರಾವರಿ ಹೊಲಗಾಲುವೆಯೇ ಕಡಿದಾದ ಇಳಿಜಾರಿನಲ್ಲಿ ಹಾದುಹೋದರೆ ಅಲ್ಲಿ ಹುಲ್ಲು ಬಿಡುವ ಬದಲು, ತಳವನ್ನು ಕಲ್ಲಿನ ಮೆಟ್ಟಿಲುಗಳಾಗಿ ಕಟ್ಟಿ ನೀರನ್ನು ಇಳಿಸುವುದು ಒಳ್ಳೆಯದು. ಆದರೆ ಅಚ್ಚುಕಟ್ಟಿನ ಬಸಿಗಾಲುವೆಗಳಿಗೆ ಹೊಲಗಾಲುವೆಯ ನಿಯಮವೇ ಅನ್ವಯಿಸುತ್ತದೆ. ಬಸಿಗಾಲುವೆಯಲ್ಲಿ ಕಳೆ ತುಂಬಿ ನೀರಿನ ಮಟ್ಟ ಏರಿದರೆ ಹೊಲದಿಂದ ಬಸಿಯಬೇಕಾದ ನೀರು ನಿಂತು, ಕಾಲಕ್ರಮದಲ್ಲಿ ಭೂಮಿ ಸವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳು ಭೂಮಿಗಳ ಸುಧಾರಣೆಯಲ್ಲಿ ಬಸಿಗಾಲುವೆಗಳನ್ನು ತೆರೆದಿಡುವುದು ಮೊದಲ ಕೆಲಸ.

ಕೆಲಸದ ಹಂಚಿಕೆ

ಹೊಲಗಾಲುವೆಯನ್ನು ಪ್ರತಿಯೊಬ್ಬನೂ ತನ್ನ ಹೊಲದ ಮುಂದಿನಷ್ಟೇ ಚೊಕ್ಕಟ ಮಾಡುವುದು ವಾಡಿಕೆ. ಇದರಲ್ಲಿ ಒಂದು ಕೊರತೆಯಿದೆ. ಮೇಲಿನ ಭಾಗದ ನೂರು ಮೀಟರ್ ಕಳೆ ಕೆಳಗಿನವರೆಲ್ಲರ ನೀರನ್ನು ತಡೆಯುತ್ತದೆ. ಕೊನೆಯ ರೈತ ತನ್ನ ಹೊಲದ ಮುಂದೆ ಎಷ್ಟೇ ನಯ ಮಾಡಿಕೊಂಡರೂ ಅವನಿಗೆ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಕಾಲುವೆಯ ಪೂರ್ತಿ ಉದ್ದವನ್ನು ಒಂದೇ ಕೆಲಸವೆಂದು ಎಣಿಸಿ ಎಕರೆವಾರು ಹಂಚಿಕೊಳ್ಳುವುದು ಉತ್ತಮ. ಒಂದು ಕಿಲೋಮೀಟರ್ ಹೊಲಗಾಲುವೆಯ ಕೆಳಗೆ 40 ಎಕರೆ ಇದ್ದರೆ ಎಕರೆಗೆ 25 ಮೀಟರ್ ಪಾಲು ಬರುತ್ತದೆ. ಮುಯ್ಯಾಳು ಪದ್ಧತಿ ಉಳಿದಿರುವ ಹಳ್ಳಿಗಳಲ್ಲಿ ಇದನ್ನು ಒಂದೇ ದಿನ ಎಲ್ಲರೂ ಸೇರಿ ಮುಗಿಸಬಹುದು. ನೀರು ಬಳಕೆದಾರರ ಸಹಕಾರ ಸಂಘವಿರುವ ಕಡೆ, ನೀರು ಬಿಡುವ ಮೊದಲಿನ ಸಭೆಯಲ್ಲಿಯೇ ದಿನಾಂಕ ಗೊತ್ತುಮಾಡಿ, ನೀರುಗಂಟಿಯ ಸಮ್ಮುಖದಲ್ಲಿ ಕಾಲುವೆಯನ್ನು ತುದಿಯಿಂದ ತುದಿಗೆ ನಡೆದು ನೋಡುವ ಕ್ರಮವನ್ನು ಇಟ್ಟುಕೊಳ್ಳಬೇಕು.

ಜಲಾಶಯದ ನೀರಿನ ಮಟ್ಟ ಮಳೆಯ ಕೈಯಲ್ಲಿದೆ. ಮುಖ್ಯ ಕಾಲುವೆಯ ಗೇಟು ಇಲಾಖೆಯ ಕೈಯಲ್ಲಿದೆ. ತೂಬಿನಿಂದ ಕೊನೆಯ ಹೊಲದವರೆಗಿನ ಒಂದು ಕಿಲೋಮೀಟರ್ ರೈತರ ಕೈಯಲ್ಲಿದೆ. ಅಲ್ಲಿ ಎಕರೆಗೆ 25 ಮೀಟರ್ ಸಲಿಕೆ ಕೆಲಸ ನಡೆದರೆ, ಅದೇ ಸರದಿಯಲ್ಲಿ ಕೊನೆಯ ರೈತನ 10 ಗುಂಟೆ 28 ಗುಂಟೆಯಾಗುತ್ತದೆ.